ಹುಣ್ಣಿಮೆಯವರೆಗೆ

ಅಬೆಲಿನೊ ಬಾರಿಯಾ ಗುಡ್ಡ ಹತ್ತಿ ಬರುವಷ್ಟರಲ್ಲಿ ಓರ್ಫೆಲಿನಾ ಕೊನೆಯ ಕಿಟಕಿಯನ್ನೂ ಚೌಕಟ್ಟಿನ ಸಮೇತ ಬಿಚ್ಚಿ ಹುಲ್ಲಿನ ಮೇಲೆ ಮಲಗಿಸಿದ್ದಳು.

ಅವನು ಬೇಲಿಗೆ ಒರಗಿ ಉಸಿರು ಸುಧಾರಿಸಿಕೊಂಡ. ಮೊಣಕಾಲು ಹಿಡಿದಿತ್ತು. ಮೂರನೆಯ ಸಲ ಅದೇ ಕೆಸರು, ಅದೇ ಏರು, ಅದೇ ಮಾತು. ಚಿಲೋಯೆ ದ್ವೀಪದಲ್ಲಿ ಹುಟ್ಟಿದವನಿಗೆ ಮಳೆ ಹೊಸದಲ್ಲ. ಇದ್ದವರನ್ನು ಎಬ್ಬಿಸಿ ಕಳಿಸುವ ಕೆಲಸ ಮಾತ್ರ ಅವನಿಗೆ ಒಗ್ಗಿರಲಿಲ್ಲ.

"ಕಿಟಕಿನೂ ಬಿಚ್ಚಿಬಿಟ್ರಾ, ಡೋನ್ಯಾ ಓರ್ಫೆಲಿನಾ?"

"ಬಿಡೋಕಾಗತ್ತಾ? ಒಡೆದ್ರೆ ನೀವು ತಂದುಕೊಡ್ತೀರಾ?"

ಅಬೆಲಿನೊ ಅಂಗಳದತ್ತ ನೋಡಿದ. ಒಲೆಯೂ ಹೊರಗೆ ಬಂದಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ ಅವಳು ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದಳು. ಒಂದನ್ನು ಅವನ ಕೈಗಿತ್ತಳು. ತಿನ್ನುತ್ತಾ ಗದರುವುದು ಕಷ್ಟ. ಅದು ಅವಳಿಗೂ ಗೊತ್ತಿತ್ತು.

"ಶುಕ್ರವಾರ ನನ್ನ ಈ ಜಾಗ ಕೊಂಡವರು ಬರ್ತಾರೆ" ಎಂದ ಅವನು. "ಯಂತ್ರ ತರ್ತಾರೆ. ಏನು ಉಳಿದಿದ್ರೂ ನೆಲಸಮ. ಅಷ್ಟರೊಳಗೆ ನೀವು ಹೊರಟಿರಬೇಕು."

"ಹುಣ್ಣಿಮೆವರೆಗೆ ಟೈಮ್ ಕೊಡಿ."

"ಮೊದಲು ನೆಲ ಒಣಗಲಿ ಅಂದ್ರಿ. ಆಮೇಲೆ ಊರವರು ಆಲೂಗಡ್ಡೆ ಕಿತ್ತು ಮುಗಿಸಲಿ ಅಂದ್ರಿ. ಈಗ ಚಂದ್ರನನ್ನೂ ಕರ್ಕೊಂಡು ಬಂದ್ರಾ?"

"ನಾನೇನು ಮಾಡ್ಲಿ? ಅವನು ನನ್ನ ಮಾತು ಕೇಳಲ್ಲ."

"ನಿಮ್ಮ ನೆಪಗಳನ್ನ ಉಪ್ಪು ಹಾಕಿ ಒಣಗಿಸಿಟ್ರೆ ಒಂದು ಚಳಿಗಾಲ ಕಳೀಬಹುದು, ತಾಯಿ."

ಅವಳು ನಕ್ಕಳು. ನಗು ಬೇಗ ಮುಗಿಯಿತು.

"ಮದುವೆಯಾಗಿ ಕಾಲಿಟ್ಟಿದ್ದು ಈ ಹೊಸಿಲೊಳಗೆ. ಮಕ್ಕಳನ್ನ ಹೆತ್ತಿದ್ದು ಇಲ್ಲೇ. ಗಂಡನ್ನ ಹೊತ್ಕೊಂಡು ಹೋಗಿದ್ದೂ ಈ ಬಾಗಿಲಿಂದಲೇ. ಇದನ್ನ ಯಂತ್ರದ ಬಾಯಿಗೆ ಕೊಡಲ್ಲ, ಡಾನ್ ಅಬೆಲಿನೊ. ಹುಣ್ಣಿಮೆವರೆಗೆ."

ಕೊಂಡವರು ಹಿಂದೆ ಸರಿದರೆ ಈ ಗುಡ್ಡ, ಈ ಮೊಣಕಾಲು ಎರಡೂ ತನಗೇ ಗಂಟು. ಅಬೆಲಿನೊಗೆ ಯೋಚಿಸಿಯೇ ಸುಸ್ತಾಯಿತು. ಬೇಡ ಎನ್ನಲೂ ಶಕ್ತಿ ಬೇಕು.

"ಆಯ್ತು, ಹುಣ್ಣಿಮೆ. ಆಮೇಲೆ ಅಮಾವಾಸ್ಯೆ ಅನ್ನಬೇಡಿ."

"ಅನ್ನಲ್ಲ. ಇನ್ನೊಂದು ಕೇಳ್ಲಾ?"

"ಇನ್ನೂ ಇದೆಯಾ!"

"ಆ ದಿನ ನಿಮ್ಮ ಜೋಡಿ ಎತ್ತು ಬೇಕು."

ಎತ್ತು ಕೇಳಿ ಬಂದವರಿಗೆ ಇಲ್ಲವೆನ್ನುವ ರೂಢಿ ಆ ದ್ವೀಪದಲ್ಲಿಲ್ಲ. ಅಬೆಲಿನೊ ಬೆರಳು ನೆಕ್ಕಿಕೊಂಡ.

"ನನ್ನ ಜಾಗ ಬಿಟ್ಟು ಹೋಗೋರಿಗೆ ನಾನೇ ಎತ್ತು ಹೊಡೀಬೇಕು. ಚೆನ್ನಾಗಿದೆ. ಊಟನಾದ್ರೂ ಹಾಕ್ತೀರಾ?"

"ಊರಿಗೆಲ್ಲ ಹಾಕ್ತೀನಿ. ನಿಮಗೆ ಬಿಡ್ತೀನಾ?"

ಶುಕ್ರವಾರ ಬಂದವರಿಗೆ ಅವನು ಮೊದಲು ನೆಲ ಹಸಿಯಾಗಿದೆ ಎಂದ. ಆಮೇಲೆ ತನ್ನ ಮೊಣಕಾಲು ತೋರಿಸಿದ. ಅವರು ಬೈದುಕೊಂಡು, ವಾರ ಬಿಟ್ಟು ಬರುತ್ತೇವೆ ಎಂದು ಯಂತ್ರ ತಿರುಗಿಸಿದರು.

ಹುಣ್ಣಿಮೆಯ ದಿನ ಬೆಳಿಗ್ಗೆ ಊರೆಲ್ಲ ಗುಡ್ಡದ ಮೇಲೆ ಸೇರಿತು. ಯಾರೂ ಒಂದು ಗಂಟುಮೂಟೆಯನ್ನೂ ಹೊರಲಿಲ್ಲ. ಅಬೆಲಿನೊ ತನ್ನ ಜೋಡಿಯನ್ನು ಊರವರ ಎತ್ತುಗಳಿಗಿಂತ ಮುಂದೆ ಹೂಡಿದ. ಹಗ್ಗಗಳು ಬಿಗಿದವು. ಗಂಡಸರು ಹೆಂಗಸರು ಒಂದೇ ದನಿಯಲ್ಲಿ ಕೂಗು ಹಾಕಿದರು.

ಓರ್ಫೆಲಿನಾಳ ಮರದ ಮನೆ, ಗೋಡೆ ಚಾವಣಿ ಹೊಸಿಲು ಸಮೇತ, ಗುಡ್ಡ ಜಾರಿ, ಹುಣ್ಣಿಮೆಯ ಭರತಕ್ಕೆ ಉಕ್ಕಿ ಬಂದ ಕಡಲಿಗಿಳಿದು, ದೋಣಿಗಳ ಹಿಂದೆ ತೇಲುತ್ತಾ ಎದುರಿನ ದ್ವೀಪದ ಕಡೆ ಹೊರಟಿತು.