ಕೆಂಗೇರಿಗೆ ಹೊರಟಿದ್ದ ನನ್ನ ಹೆಸರು

ಬೆಸುಗೆಯ ರಾಳದ ಹೊಗೆ ಮೂಗಿಗೆ ತಾಗಿದರೆ ಇಂದಿಗೂ ವಿಜಯನಗರದ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ; ಜೊತೆಗೆ ಅಂದು ನನಗಾದ ಅನ್ಯಾಯವೂ.

ಟೈಪ್ ಮಾಡಿದ ಅಕ್ಷರಗಳನ್ನು ಸದ್ದಾಗಿಸಿ ರೇಡಿಯೊ ಮೂಲಕ ಕಳಿಸುವ ಪೆಟ್ಟಿಗೆಯೊಂದನ್ನು ಚಿಕ್ಕಪ್ಪ ತಾವೇ ಬೆಸೆದು ಮುಗಿಸಿದ್ದರು. ಕೆಂಗೇರಿಯ ಗೆಳೆಯರ ಕಂಪ್ಯೂಟರಿನಲ್ಲಿ ಮೊಟ್ಟಮೊದಲು ಮೂಡುವುದು ನನ್ನ ಹೆಸರೇ ಎಂದು ಮಾತು ಕೊಟ್ಟಿದ್ದರು. ನಾನು ಹಬ್ಬದ ರೇಷ್ಮೆ ಲಂಗ ಉಟ್ಟು ಕುಳಿತಿದ್ದೆ.

ಅಷ್ಟರಲ್ಲಿ ಮನೆ ಓನರ್ ಆಂಟಿ ಬಾಗಿಲಿಗೆ ಬಂದರು. "ಏನ್ರೀ ಇದು? ತಾರಸಿ ಮೇಲೆ ನಿಮ್ ಆಂಟೆನಾ ಬಂದಾಗಿಂದ ನಮ್ ಟೀವೀಲಿ ಬರೀ ಗೆರೆ! ಇವತ್ತೇ ಇಳಿಸ್ಬಿಡಿ."

"ಒಂದ್ನಿಮಿಷ ಕೂತ್ಕೊಳಿ ಆಂಟಿ," ಎಂದ ಚಿಕ್ಕಪ್ಪ, ನಾನು ನೋಡನೋಡುತ್ತಿದ್ದಂತೆಯೇ, 'ನಮ್ಮ ಓನರ್ ಆಂಟಿಯ ನಮಸ್ಕಾರ' ಎಂದು ಟೈಪ್ ಮಾಡಿದರು. ಪೆಟ್ಟಿಗೆ ಕರ್ರೆಂದಿತು. ತಲುಪಿತೆಂಬ ಸೂಚನೆ ಬರುವವರೆಗೂ ಅದು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಕೊನೆಗೆ ನಮ್ಮ ಕಂಪ್ಯೂಟರಿನ ಪರದೆಯಲ್ಲಿ ಉತ್ತರ ಮೂಡಿತು. ಚಿಕ್ಕಪ್ಪ ಗಟ್ಟಿಯಾಗಿ ಓದಿದರು: "ನಮಸ್ಕಾರ ಆಂಟಿ, ಊಟ ಆಯ್ತಾ?"

ಆಂಟಿ ಸೆರಗು ಸರಿಮಾಡಿಕೊಂಡರು. "ಆಯ್ತು ಅನ್ನಿ. ಹುರುಳಿಕಾಯಿ ಹುಳಿ ಮಾಡಿದ್ದೆ ಅನ್ನಿ. ಪಾಪ, ಅವರದ್ದಾಯ್ತಾ ಕೇಳಿ."

ಸಂಜೆಯವರೆಗೂ ಅವರು ಕೂತ ಕುರ್ಚಿ ಬಿಡಲಿಲ್ಲ. ಆಂಟೆನಾದ ಮಾತನ್ನೂ ಎತ್ತಲಿಲ್ಲ.

"ನನ್ ಹೆಸರು?" ಎಂದು ನಾನು ಚಿಕ್ಕಪ್ಪನ ತೋಳು ಜಗ್ಗಿದೆ.

"ನಾಳೆ ಕಣೇ. ನಾಳೆಗೂ ಆಂಟೆನಾ ಇರ್ಬೇಕಲ್ವಾ?" ಎಂದು ಪಿಸುಗುಟ್ಟಿದರು.

ಸಂಜೆ ಆಂಟಿ ಕೆಳಗಿನ ತಮ್ಮ ಮನೆಯಿಂದ ಒಂದು ತಟ್ಟೆ ಚಕ್ಕುಲಿ ತಂದಿಟ್ಟರು. ಮನೆಯವರೆಲ್ಲ ತಿಂದು ಹೊಗಳಿದರು. ನಾನು ಮುಟ್ಟಲಿಲ್ಲ.