ಬಳೆಗೆ ಹೇಳಬೇಕಾದ ಹೆಸರು

ಒಂದೇ ಉಸಿರಿಗೆ ಏಳೂರು ಸುತ್ತಿದೋಳು ನಾನು, ಸಾಕಮ್ಮ. ಅರ್ಧ ಸುಳ್ಳು, ಮೂರೂವರೆ ಅಂತಿಟ್ಕೊ. ಕಸ ಗುಡಿಸೋಕೆ ಸೇರಿದಾಗ ಕಂಪನಿಯೋರು ಈ ಮುಂಡೆ ಕೈಗೂ ವಿಪಿಎನ್ ಬಳೆ ತೊಡಿಸಿದ್ರು, ಎಲ್ಲಾ ದಾರೀನೂ ಆಫೀಸ್ ಮೇಲೇ ಹಾಯಿಸೋದು. ಅವತ್ತಿಂದ ಎಲ್ಲಿಗೆ ಹೊರಟ್ರೂ ಕಾಲು ಮೊದ್ಲು ಆಫೀಸಿಗೇ ಹೋಗತ್ತೆ.

ನಿನ್ನೆ ಮನೇಲಿ ನನ್ ತಂಗಿಗೆ ಜ್ವರ, ಮೈಮೇಲೆ ರೊಟ್ಟಿ ಸುಡಬೋದಿತ್ತು. ಆಫೀಸ್ ಸುತ್ಕೊಂಡೇ ಎದುರಂಗಡೀಗೆ ಹೋಗಿ ಮಾತ್ರೆ ತಗೊಂಡು ತಿರುಗಿದೆ, ಮತ್ತೆ ಆಫೀಸಲ್ಲಿದ್ದೆ. ಅಲ್ಲಿಂದ ಮನೆಗೆ ಬಿಡೋ ಸಾಲು ಹನುಮಂತನ ಬಾಲದಷ್ಟುದ್ದ.

ದಾರಿ ಬರ್ಕೊಡೋ ಮೇಡಮ್ಮು, "ನೇರ ದಾರಿ ಕೊಡ್ತೀನಜ್ಜಿ. ಮನೆ ಯಾರ ಹೆಸರಲ್ಲಿದೆ, ಬಳೆಗೆ ನೀವೇ ಹೇಳಿ" ಅಂದ್ಲು.

ಮನೆ ನಮ್ಮೋರ ಹೆಸರಲ್ಲಿದೆ. ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಮ್ಮಿ ಅಂತ ಐವತ್ತು ವರ್ಷ ನುಂಗ್ಕೊಂಡಿದೀನಿ, ಹೇಳಲ್ಲ ಅಂದೆ.

"ತೀರ್ಕೊಂಡಿದಾರಲ್ಲಜ್ಜಿ, ಇನ್ಯಾವ ಆಯಸ್ಸು?" ಅಂದ್ಲು ಮೇಡಮ್ಮು.

ಮಾತ್ರೆ ಕೈಯಲ್ಲಿ, ಹೆಸರು ಗಂಟಲಲ್ಲಿ. ಏನ್ಮಾಡಿರ್ತೀನಿ, ನೀನೇ ಹೇಳು ನೋಡಾನ.