ಐದನೇ ಮಹಡಿಯ ದುಂಬಿ

ಸೊಸೆ ಬಾಲ್ಕನಿಗೆ ಬಂದರೆ, ಕ್ಷೌರದಂಗಡಿ ಇಟ್ಟಿದ್ದ ಮಾವ ಟ್ರಿಮ್ಮರ್ ಹಿಡಿದು ಅವಳ ಮೆಣಸಿನ ಗಿಡದ ಮೇಲೆ ಬಗ್ಗಿದ್ದರು! ಹಿಡಿ ಮಣ್ಣೂ ಇಲ್ಲದೆ ಬಕೆಟ್ಟಿನ ನೀರಿನಲ್ಲೇ ಬೆಳೆಸಿದ ಗಿಡ ಅದು. ಬಿಟ್ಟ ಹೂವೆಲ್ಲ ಉದುರುತ್ತಿದ್ದವು. ಈ ಸಲವೂ ಕಾಯಿ ಕಚ್ಚದಿದ್ದರೆ ಬಕೆಟ್ಟು ಬಟ್ಟೆ ನೆನೆಸುವುದಕ್ಕೆ ಎಂದು ಅವಳೇ ಹೇಳಿದ್ದಳು.

“ಮಾವ! ಗಿಡಾನೂ ಬೋಳಿಸ್ತೀರಾ?”

“ಗಾಬರಿ ಬೀಳ್ಬೇಡ ಕಣಮ್ಮ, ಬ್ಲೇಡು ತೆಗ್ದಿದೀನಿ. ಇಷ್ಟು ಮೇಲಕ್ಕೆ ದುಂಬಿ ಬರಲ್ಲ, ಅದಕ್ಕೇ ಕಾಯಿ ಕಚ್ತಿಲ್ಲ ಅಂತ ಫೋನಲ್ಲಿ ಗೋಳಾಡ್ತಿದ್ಯಲ್ಲ? ಅವತ್ತಿಂದ ನಾನೇ ದುಂಬಿ.”

ಗುಂಯ್ಗುಡುವ ಟ್ರಿಮ್ಮರಿನ ಬೆನ್ನು ಹೂವೊಂದರ ತೊಟ್ಟಿಗೆ ತಾಗಿದ್ದೇ ಅದು ನಡುಗಿ, ಹಿಟ್ಟಿನಂಥ ಪರಾಗದ ಪುಡಿ ಉದುರಿಸಿತು. ಮಾವ ಕಿರುಬೆರಳಿನಿಂದ ಪಕ್ಕದ ಎಲೆಯೊಂದನ್ನು ಎತ್ತಿ ತೋರಿಸಿದರು. ಅದರಡಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹಸಿರು ಮೆಣಸಿನಕಾಯಿ, ಬಾಡಿದ ಹೂವನ್ನು ಇನ್ನೂ ತುದಿಗೆ ಸಿಕ್ಕಿಸಿಕೊಂಡಿತ್ತು.

ಮಾವ ಗಿರಾಕಿಗಳ ಕತ್ತಿನ ಕೂದಲು ಕೊಡವುವ ಬ್ರಷ್ಷಿನಿಂದ ಎಲೆಯ ಮೇಲಿನ ಪುಡಿ ಒರೆಸಿ, ಅಭ್ಯಾಸಬಲದಿಂದ ಕೂಗಿಯೇಬಿಟ್ಟರು: “ಮುಂದಿನೋರು ಬನ್ನಿ!”

ಅವಳು ನಗುತ್ತಲೇ ಬಕೆಟ್ಟು ತಿರುಗಿಸಿ, ಇನ್ನೊಂದು ಕೊಂಬೆಯನ್ನು ಅವರೆದುರು ಕೂರಿಸಿದಳು.